ಐದನೆಯ ದಿನ ಬಳಿದ ಎಣ್ಣೆ

ಇದನ್ನು ಬರೆಯಬೇಕೆಂದು ಕುಳಿತು ಹಾಗೇ ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಮೊದಲು ಕಿರಿಯ ಮಗಳ ಮದುವೆ ಮುಗಿಯಲಿ ಅಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಅಂದೆ. ಪೊರೆ ತೆಗೆಸಿ ನಾಲ್ಕು ವರ್ಷವಾಯಿತು, ಅಕ್ಷರ ಚೆನ್ನಾಗಿ ಕಾಣುತ್ತವೆ. ನಾನು ಓದಿದ್ದು ಹತ್ತನೆಯ ತರಗತಿಯವರೆಗೆ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಆದರೆ ಹೇಳಬೇಕಾದದ್ದನ್ನು ಹೇಳಲು ಇಷ್ಟು ಓದು ಸಾಕಾಗಿತ್ತು. ಹೇಳದೆ ಉಳಿದದ್ದು ಓದಿನ ಕೊರತೆಯಿಂದಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯ ಪಕ್ಕ, ಹತ್ತಿ ತುಂಬುತ್ತಿದ್ದ ಒಂದು ಹಳೆಯ ಗೋದಾಮಿನಲ್ಲಿ ನಮ್ಮ ಕೆಲಸ ನಡೆದಿತ್ತು. ಸಂಸ್ಥೆಯೊಂದು ಅಲ್ಲಿ ಹೊಸ ಬಗೆಯ ಹರಿಗೋಲು ಮಾಡಿಸುತ್ತಿತ್ತು. ಈಗ ಹೊಳೆಯಲ್ಲಿ ಓಡಾಡುವ ಹರಿಗೋಲುಗಳಿಗೆ ಬಿದಿರಿನ ಬುಟ್ಟಿಯ ಮೇಲೆ ಯೂರಿಯಾ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ವರ್ಷಕ್ಕೊಮ್ಮೆ ಆ ಚೀಲ ಹರಿದು ದಂಡೆಗೆ ಎಸೆಯುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯ ತುಂಬ ಡಾಂಬರು ಮೆತ್ತಿದ ಪ್ಲಾಸ್ಟಿಕ್ಕು, ಅದನ್ನು ಮೂಸುತ್ತ ಎಮ್ಮೆಗಳು. ನಮ್ಮ ಇಂಜಿನಿಯರ್ ಮೇಡಂ ಮೈಸೂರು ಕಡೆಯವರು. ಯಾವ ಸಾಮಾನು ಕೈಗೆ ಕೊಟ್ಟರೂ ಅವರು ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಕೆಲಸ ಮುಗಿದ ಮೇಲೆ ಇದು ಎಲ್ಲಿಗೆ ಹೋಗುತ್ತೆ?" ಹೊಳೆಗೆ ಹೋಗಬಾರದು, ಮಣ್ಣಿಗೆ ಹೋಗಿ ಮಣ್ಣಾಗಬೇಕು, ಅಂಥ ಹರಿಗೋಲು ಬೇಕು ಎಂಬುದು ಅವರ ಆಸೆ.

ನಾವು ಇದ್ದದ್ದು ನಾಲ್ಕೇ ಜನ. ಮೇಡಂ, ಸೂಪರ್‌ವೈಜರ್ ಆಗಿದ್ದ ನಾನು, ಬಿದಿರು ಹೆಣೆಯುವ ಒಬ್ಬ ಮುದುಕ, ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು. ಮುದುಕನನ್ನು ಎಲ್ಲರೂ ಮುತ್ಯಾ ಅನ್ನುತ್ತಿದ್ದರು. ಅವನೂ ಹೊಲಿಗೆಯಾಕೆಯೂ ಕೃಷ್ಣಾ ನದಿಯ ದಂಡೆಯ ಒಂದೇ ಊರಿನವರು. ಆಕೆಯ ಗಂಡ ಮತ್ತು ಭಾವ ಮೀನು ಹಿಡಿಯುವವರು. ಆಕೆಗೆ ಆಗ ಮೂವತ್ತೈದು ಇರಬಹುದು. ಓದಿರಲಿಲ್ಲ. ನನ್ನನ್ನು ಅಣ್ಣಾರ ಅನ್ನುತ್ತಿದ್ದಳು.

ಯೂರಿಯಾ ಚೀಲದ ಬದಲು ದಪ್ಪ ಹತ್ತಿಬಟ್ಟೆ ಎಂದು ಮೇಡಂ ಮೊದಲೇ ತೀರ್ಮಾನಿಸಿದ್ದರು. ಡಾಂಬರಿನ ಬದಲು ಏನು ಎಂಬುದು ತಿಳಿದಿರಲಿಲ್ಲ. ದಾರಿ ತೋರಿಸಿದವನು ಮುತ್ಯಾ.

"ನಮ್ಮಪ್ಪನ ಕಾಲಕ್ಕ ಹರಗೋಲಕ್ಕ ತೊಗಲ ಹಚ್ಚತಿದ್ರು ಮೇಡಂ. ಆ ತೊಗಲಿಗಿ ಕುಸುಬಿ ಎಣ್ಣಿ ಕಾಸಿ ಬಳೀತಿದ್ರು. ಹನಿ ನೀರ ಒಳಗ ಬರತಿದ್ದಿಲ್ಲ."

ಕುಸುಬಿ ಎಣ್ಣೆಯನ್ನು ಮಂದ ಉರಿಯಲ್ಲಿ ಬಹಳ ಹೊತ್ತು ಕಾಸಿದರೆ ಬೆಲ್ಲದ ಪಾಕದಂತೆ ಎಳೆ ಬರುತ್ತದೆ. ಅದಕ್ಕೆ ಚೂರು ಸುಣ್ಣ ಬೆರೆಸಿ ಬಿಸಿ ಇರುವಾಗಲೇ ಬಟ್ಟೆಗೆ ತಿಕ್ಕಬೇಕು. ಒಣಗಿದ ಮೇಲೆ ಚರ್ಮದಂತೆ ಬಿಗಿಯುತ್ತದೆ. ಆದರೆ ಒಣಗುವ ಮೊದಲೇ ಮೇಲೆ ಇನ್ನೊಂದು ಲೇಪ ಬಿದ್ದರೆ ಕೆಟ್ಟಿತು. ಮೇಲಿನ ಪದರ ಗಟ್ಟಿಯಾಗುತ್ತದೆ, ಕೆಳಗಿನದು ಗಾಳಿ ಸಿಗದೆ ಮೆತ್ತಗೇ ಉಳಿಯುತ್ತದೆ. ಇದನ್ನು ನಾವು ಅಂಗೈಯಗಲದ ತುಂಡುಗಳ ಮೇಲೆ ಪರೀಕ್ಷೆ ಮಾಡಿ ಕಲಿತೆವು. ನಾಲ್ಕು ದಿನಕ್ಕೆ ಎರಡನೆಯ ಲೇಪ ಕಂಡ ತುಂಡು ಸುಕ್ಕಾಯಿತು. ಆರು ದಿನದ್ದು ಬಿಸಿಲಿಗೆ ಚಕ್ಕೆಯಾಗಿ ಎದ್ದಿತು. ಎಂಟು ದಿನದ್ದು ನಿಂತಿತು. 'ಎರಡು ಲೇಪದ ನಡುವೆ ಎಂಟು ದಿನ' ಎಂದು ಕೆಂಪು ಶಾಯಿಯಲ್ಲಿ ಪುಸ್ತಕದಲ್ಲಿ ಬರೆದವನು ನಾನೇ.

ಆ ಪುಸ್ತಕದ ವಿಷಯ ಹೇಳಬೇಕು. ಪ್ರತಿ ಶನಿವಾರ ಮೇಡಂ ನಮ್ಮನ್ನು ಸುತ್ತ ಕೂರಿಸಿಕೊಂಡು, ವಾರದಲ್ಲಿ ಯಾರ ಕೈಯಿಂದ ಏನು ಕೆಟ್ಟಿತು, ಯಾಕೆ ಕೆಟ್ಟಿತು ಎಂದು ಅವರವರ ಬಾಯಿಂದಲೇ ಹೇಳಿಸುತ್ತಿದ್ದರು. ಬೈಗುಳವಿಲ್ಲ, ದಂಡವಿಲ್ಲ. ಕೆಟ್ಟದ್ದನ್ನು ಬರೆದಿಟ್ಟರೆ ಮುಂದಿನ ಹರಿಗೋಲು ಕೆಡುವುದಿಲ್ಲ ಎನ್ನುವುದು ಅವರ ಮಾತು. ಮೊದಲ ಶನಿವಾರ ಯಾರೂ ಬಾಯಿ ಬಿಡಲಿಲ್ಲ. ಮುತ್ಯಾ ಮೀಸೆ ತಿರುವಿ, "ಐವತ್ತ ವರ್ಷ ಆತು ಹೆಣ್ಯಾಕತ್ತು. ಈಗ ನಾ ತಪ್ಪ ಎಲ್ಲಿಂದ ತರ್ಲಿ? ಸಂತ್ಯಾಗ ಸಿಗತಾವೇನು?" ಅಂದ. ಎಲ್ಲರೂ ನಕ್ಕರು.

ನಗು ನಿಂತ ಮೇಲೆ ಆ ಹೊಲಿಗೆಯಾಕೆ ಹೇಳಿದಳು: "ನಂದು ಬರ್ಕೋರಿ ಅಣ್ಣಾರ. ಬಟ್ಟಿ ತೊಯ್ಸದ ಹಂಗೇ ಹೊಲದೆ. ನೀರಾಗ ಬಿಟ್ಟ ಕೂಡ್ಲೆ ಬಟ್ಟಿ ಜಗ್ಗಿ ಹೊಲಿಗಿ ಸುಕ್ಕಾತು. ಇನ್ನ ಮೂರ ಸಲ ತೊಯ್ಸಿ ಒಣಗಿಸಿ ಹೊಲೀತೀನಿ."

ಅವಳು ಹಾಗೆ ಹೇಳಿದ ಮೇಲೆಯೇ ನಮ್ಮ ಕೂಟ ಕೂಟವಾದದ್ದು. ಮುಂದಿನ ವಾರ ಮುತ್ಯಾನೂ ಹಸಿ ಬಿದಿರು ಸೀಳಿದ್ದನ್ನು ಒಪ್ಪಿಕೊಂಡ. ಪುಸ್ತಕ ತುಂಬುತ್ತ ಬಂತು. ಅದರಲ್ಲಿ ನನ್ನದೆಂಬ ತಪ್ಪು ಒಂದೂ ಇರಲಿಲ್ಲ. ಮುತ್ಯಾ ಒಮ್ಮೆ ಚುಚ್ಚಿದ: "ನಮ್ಮ ಸಾಹೇಬ್ರ ಹಂತೇಕ ತಪ್ಪ ಇಲ್ಲ ನೋಡ್ರಿ, ಪೆನ್ ಅಷ್ಟೇ ಅದ." ನಾನೂ ನಕ್ಕೆ. ಒಳಗೆ ಹೆಮ್ಮೆಯೇ ಆಗಿತ್ತು. ನಾನು ಹಾಕಿದ ತಾರೀಖು ಎಂದೂ ತಪ್ಪುವುದಿಲ್ಲ ಎಂದು ಮೇಡಂ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಸಣ್ಣ ತುಂಡುಗಳ ಪರೀಕ್ಷೆ ಮುಗಿದು ಮೊದಲ ಪೂರ್ತಿ ಹರಿಗೋಲಿಗೆ ಕೈ ಹಾಕಿದೆವು. ಅದನ್ನು ಆಕೆಯ ಭಾವ ಆರು ತಿಂಗಳು ಹೊಳೆಯಲ್ಲಿ ಬಳಸಿ ನೋಡುವುದೆಂದು ನಿಶ್ಚಯವಾಯಿತು. ದಂಡೆಯ ಜನ ಮೊದಲು ಒಪ್ಪಿರಲಿಲ್ಲ. ಬಟ್ಟೆಯ ಹರಿಗೋಲಿನಲ್ಲಿ ಕೂರುವವರು ಯಾರು ಎಂದು ನಗೆಯಾಡಿದ್ದರು. ಮನೆಮನೆಗೆ ಹೋಗಿ ಒಪ್ಪಿಸಿದವಳು ಆಕೆ. ಆರು ತಿಂಗಳು ಅದು ಬಾಳಿದರೆ ದಂಡೆಯ ಬೇರೆ ಊರುಗಳ ಹೆಂಗಸರಿಗೆ ಹೊಲಿಗೆ ಕಲಿಸುವ ಕಾಯಂ ಕೆಲಸ ಅವಳಿಗೆ ಎಂದು ಮೇಡಂ ಮಾತು ಕೊಟ್ಟಿದ್ದರು. ಹಾಗಾದರೆ ಬೇಸಿಗೆಗೆ ದೂರದ ಊರಿಗೆ ದುಡಿಯಲು ಹೋಗುವುದು ಅವಳಿಗೆ ತಪ್ಪುತ್ತಿತ್ತು.

ಹರಿಗೋಲು ಒಪ್ಪಿಸುವ ದಿನವನ್ನು ನಿಗದಿ ಮಾಡಿದವನು ನಾನು. ಮೂರು ಲೇಪ, ಒಂದೊಂದಕ್ಕೆ ಎಂಟು ದಿನ, ಕೊನೆಗೆ ನೀರಿನ ತೊಟ್ಟಿಯಲ್ಲಿ ಮೂರು ದಿನ ಎಂದು ಕೂಡಿಸಿ ಮೇಡಂ ಕೈಗೆ ಬರೆದುಕೊಟ್ಟೆ. ಯಾದಗಿರಿಯಿಂದ ಅಧಿಕಾರಿಗಳನ್ನು ಕರೆದದ್ದೂ ಆಯಿತು. ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತು ಎಂದು ನಾನು ನೋಡಿರಲಿಲ್ಲ.

ಮೊದಲ ಲೇಪವಾದ ಐದನೆಯ ದಿನ ಬೆಳಿಗ್ಗೆ ನಮ್ಮೂರು ಗೋಗಿಯಿಂದ ಆಟೋದಲ್ಲಿ ಬರುವಾಗ ಪಕ್ಕದಲ್ಲಿ ಕುಳಿತವರು ಅಮಾವಾಸ್ಯೆಯ ಮಾತು ತೆಗೆದರು. ಎಣಿಸಿದೆ. ಎಂಟನೆಯ ದಿನವೇ ಅಮಾವಾಸ್ಯೆ. ನಮ್ಮ ಕಡೆ ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಹೊಳೆ ದಂಡೆಯವರು ಹರಿಗೋಲನ್ನು ಮುಟ್ಟುವುದೂ ಇಲ್ಲ, ಅದರ ಮುಂದಿನ ಎರಡು ದಿನ ಅವರಿಗೆ ಗಂಗಮ್ಮನ ಪೂಜೆ. ಲೇಪಕ್ಕೆ ಇಬ್ಬರು ಬೇಕು. ಒಬ್ಬರು ಬಿಸಿ ಎಣ್ಣೆ ಸುರಿಯಬೇಕು, ಇನ್ನೊಬ್ಬರು ತಿಕ್ಕಬೇಕು. ಮುತ್ಯಾ ಬುಟ್ಟಿ ಮುಗಿಸಿ ಊರಿಗೆ ಹೋಗಿದ್ದ. ಮೇಡಂ ಎರಡು ವಾರ ಕಲಬುರಗಿಯಲ್ಲಿದ್ದರು, ಶನಿವಾರದ ಕೂಟವೂ ಇರಲಿಲ್ಲ. ಉಳಿದದ್ದು ನಾನು ಮತ್ತು ಆಕೆ; ಆಕೆಯೂ ಪೂಜೆಯ ತಯಾರಿಗೆಂದು ಮರುದಿನವೇ ಊರಿಗೆ ಹೋಗುವವಳಿದ್ದಳು. ಒಂದು ಫೋನ್ ಮಾಡಿ, ದಿನ ಹಾಕುವುದರಲ್ಲಿ ತಪ್ಪಿದ್ದೇನೆ, ಮೂರು ದಿನ ಮುಂದೆ ಹಾಕಿ ಅಂದಿದ್ದರೆ ಮುಗಿಯುತ್ತಿತ್ತು. ಮೇಡಂ ನಕ್ಕು ಸರಿ ಅನ್ನುತ್ತಿದ್ದರು. ಅಷ್ಟೇ ಇದ್ದದ್ದು.

ನಾನು ಒಲೆ ಹೊತ್ತಿಸಿದೆ.

ಆಕೆ ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಿ ನೋಡಿದಳು. "ಅಣ್ಣಾರ, ಇನ್ನಾ ಹಸೀನೇ ಅದರಿ. ಬೆರಳ ಅಂಟತದ."

"ಬಿಸಲ ಚಲೋ ಬಿದ್ದದ ಈ ವಾರ. ಸಾಕು."

"ಐದೇ ದಿನ ಆಗ್ಯಾವಲ್ರಿ. ಪುಸ್ತಕದಾಗ ನೀವೇ ಎಂಟು ಅಂತ ಬರದೀರಿ."

"ಹೊಲಿಯೋದು ನಿನ್ನ ಕೆಲಸವ್ವ ತಂಗಿ. ಎಣ್ಣಿ ನೋಡೋದು ನನ್ನ ಕೆಲಸ."

 ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತಿಕ್ಕಲು ನಿಂತಳು. ಬಿಸಿ ಎಣ್ಣೆ ಬಿದ್ದಾಗ ಕೆಳಗಿನ ಪದರ ಜಾರಿದ್ದನ್ನು ನಾನು ಕಣ್ಣಾರೆ ಕಂಡೆ. ದಿನದ ಕೆಲಸವನ್ನು ನಾನು ಚೀಟಿಯಲ್ಲಿ ಗುರುತು ಹಾಕಿಕೊಂಡು ಆಮೇಲೆ ಪುಸ್ತಕಕ್ಕೆ ಇಳಿಸುತ್ತಿದ್ದೆ. ಈ ಸಲ ಇಳಿಸುವಾಗ ಮೊದಲ ಲೇಪದ ತಾರೀಖನ್ನು ಮೂರು ದಿನ ಹಿಂದಕ್ಕೆ ಬರೆದೆ. ನಡುವೆ ಎಂಟು ದಿನ ಸರಿಯಾಗಿ ಬಂತು. ಚೀಟಿಯನ್ನು ಒಲೆಗೆ ಹಾಕಿದೆ.

ತೊಟ್ಟಿಯಲ್ಲಿ ಕಲ್ಲು ಹೇರಿ ಮೂರು ದಿನ ಇಟ್ಟಾಗ ಒಳಗೆ ಹನಿ ನೀರೂ ಬರಲಿಲ್ಲ. ನೆರಳಿನಲ್ಲಿ ಅಲ್ಲಾಡದೆ ನಿಂತ ನೀರು ಅದು. ನನಗೆ ಧೈರ್ಯ ಬಂತು. ಹೇಳಿದ ದಿನವೇ ಹರಿಗೋಲು ಒಪ್ಪಿಸಿದೆವು. ಅಧಿಕಾರಿಗಳು ಫೋಟೋ ತೆಗೆಸಿಕೊಂಡರು. ಆಕೆಯ ಭಾವ ಹುಟ್ಟು ಹಾಕುತ್ತ ಹೋದಾಗ ದಂಡೆಯ ಹೆಂಗಸರು ಆಕೆಯನ್ನು ಸುತ್ತಿಕೊಂಡು, "ನಮಗೂ ಹೊಲ್ಯಾಕ ಕಲಿಸಬೇಕ ನೋಡವ್ವ, ಈಗ ದೊಡ್ಡಾಕಿ ಆಗಿ ಮರೀಬ್ಯಾಡ" ಅಂದರು.

ಒಂಬತ್ತು ದಿನ ನಡೆಯಿತು. ಹತ್ತನೆಯ ದಿನ ಬಿಸಿಲು ಹೆಚ್ಚಿತ್ತು. ಮರುದಿನ ಬೆಳಿಗ್ಗೆ ಆಕೆಯ ಭಾವ ಗೋದಾಮಿಗೆ ಬಂದ. ಕೂರು ಅಂದರೂ ಕೂರಲಿಲ್ಲ.

"ಹೊಳಿ ನಡುವ ಇದ್ದೆ. ಕಾಲಿಗಿ ತಣ್ಣಗ ಹತ್ತಿತು. ಬಗ್ಗಿ ನೋಡ್ತೀನಿ, ಹೊಲಿಗಿ ಗುಂಟ ಎಣ್ಣಿ ಚಕ್ಕಿ ಎದ್ದು ನೀರು ನುಗ್ಗಾಕತ್ತದ. ಬಲಿ ಬಿಟ್ಟೆ, ಮೀನ ಬಿಟ್ಟೆ. ಬುಟ್ಟಿ ಅಂಚ ಹಿಡಕೊಂಡು ಈಜಿ ದಿಬ್ಬ ಹತ್ತೀನಿ." ಆಮೇಲೆ ಆಕೆಯ ಕಡೆ ತಿರುಗದೆ, ಗೋಡೆ ನೋಡುತ್ತ ಹೇಳಿದ: "ಮನ್ಯಾಗಿನ ಹೆಣ್ಮಗಳು ಅಂತ ನಂಬಿ ಕೂತೆ."

ಶನಿವಾರ ಕೂತೆವು. ನಡುವೆ ಆ ಹರಿಗೋಲನ್ನು ಬೋರಲು ಹಾಕಿದ್ದರು. ಹೊಲಿಗೆಯ ಉದ್ದಕ್ಕೂ ಎಣ್ಣೆಯ ಪದರ ಬಿಟ್ಟಿತ್ತು. ಮೇಡಂ ಪುಸ್ತಕ ತೆಗೆದು ತಾರೀಖುಗಳ ಮೇಲೆ ಬೆರಳಿಟ್ಟು ಓದಿದರು. "ಎಂಟು ದಿನ. ಮತ್ತೆ ಎಂಟು ದಿನ. ಲೇಪ ಸರಿಯಾಗೇ ಇದೆ. ಹಾಗಾದ್ರೆ ಹೊಲಿಗೆ ನೋಡಬೇಕು."

ಅವಳು ಕೂತಲ್ಲಿಂದಲೇ ಹೇಳಿದಳು: "ಎಂಟು ದಿನ ಆಗಿದ್ದಿಲ್ರಿ ಮೇಡಂ. ಅಮಾಸಿ ಅಡ್ಡ ಬಂತಂತ ಐದನೇ ದಿನಕ್ಕ ಹಚ್ಚೀವಿ. ಬೆರಳ ಅಂಟತಿತ್ತು."

ಮೇಡಂ ನನ್ನನ್ನು ನೋಡಿದರು. ಮುತ್ಯಾನೂ ನೋಡಿದ. ಆ ಹೊತ್ತು ಬಹಳ ಉದ್ದವಿತ್ತು ಎಂದು ಬರೆಯಬಹುದು, ಆದರೆ ಇರಲಿಲ್ಲ. ನಾನು ತಕ್ಷಣವೇ ಹೇಳಿದೆ.

"ಪುಸ್ತಕದಾಗ ಎಂಟೇ ಅದರಿ ಮೇಡಂ."

ಮೇಡಂ ಮೆತ್ತಗೆ ಅವಳನ್ನು ಕೇಳಿದರು: "ನಿಮಗೆ ದಿನದ ಎಣಿಕೆ ತಪ್ಪಿರಬಹುದಾ?"

ಅವಳು ನನ್ನ ಮುಖ ನೋಡುತ್ತ ಕೂತಳು. ಸಿಟ್ಟಿರಲಿಲ್ಲ. ಕತ್ತಲ ಕೋಣೆಯಲ್ಲಿ ಇಟ್ಟ ಸಾಮಾನು ಹುಡುಕುವವರ ಹಾಗೆ ನೋಡುತ್ತಿದ್ದಳು. ಕೊನೆಗೆ, "ಇರಬಹುದ್ರಿ. ಅಣ್ಣಾರು ಬರದಾರ ಅಂದ್ರ ಹಂಗೇ ಇರಬೇಕು. ನನಗ ಓದ್ಲಿಕ್ಕಿ ಬರಂಗಿಲ್ಲ" ಅಂದಳು.

ಆ ದಿನ ಪುಸ್ತಕದಲ್ಲಿ ನನ್ನ ಕೈಯಲ್ಲೇ ಬರೆದೆ: 'ಕಾರಣ, ಹೊಲಿಗೆ ಸಡಿಲ.'

ಮುಂದೆ ಆದದ್ದೆಲ್ಲ ಆ ಒಂದು ಸಾಲನ್ನು ನಂಬಿ ಆದದ್ದು. ಎರಡನೆಯ ಹರಿಗೋಲಿಗೆ ಪೇಟೆಯ ಟೇಲರ್ ಒಬ್ಬರಿಂದ ಮಿಷಿನ್ನಿನಲ್ಲಿ ಮೂರು ಸಾಲು ಹೊಲಿಗೆ ಹಾಕಿಸಿದರು. ಆಕೆ ಬಟ್ಟೆಯ ಎರಡು ಅಂಚನ್ನು ಒಂದರೊಳಗೊಂದು ಮಡಚಿ, ನೂಲಿಗೆ ಜೇನುಮೇಣ ತಿಕ್ಕಿ ಕೈಯಲ್ಲಿ ಹೊಲಿಯುತ್ತಿದ್ದಳು. ನೀರು ಕುಡಿದ ನೂಲು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತಿತ್ತು. ಮಿಷಿನ್ನಿನ ಹೊಲಿಗೆಗೆ ತೂತು ಮೂರು ಪಟ್ಟು ಆದವು. ಈ ಸಲ ನಾನು ಎಂಟೆಂಟು ದಿನ ಕಾದು ಲೇಪ ಹಾಕಿಸಿದೆ. ಆದರೂ ತೊಟ್ಟಿಯಲ್ಲಿ ಮೊದಲ ದಿನವೇ ನೀರು ಜಿನುಗಿತು. ಹೊಲಿಗೆ ಬಿಗಿ ಮಾಡಿದರೂ ಸೋರುತ್ತದೆ ಅಂದಮೇಲೆ ಬಟ್ಟೆಯೇ ಆಗದು ಎಂದು ಮೇಡಂ ವರದಿ ಬರೆದರು. ಅದನ್ನು ಬೇರೆ ಊರುಗಳಲ್ಲಿ ಇಂಥದೇ ಕೆಲಸ ಮಾಡುತ್ತಿದ್ದ ತಂಡಗಳಿಗೂ ಕಳಿಸಿದರು. ಅವರೂ ಬಿಟ್ಟರು. ನಮ್ಮ ಗೋದಾಮಿಗೆ ಬೀಗ ಬಿತ್ತು.

ಆಕೆಯನ್ನು ಅದಕ್ಕೂ ಮೊದಲೇ ಕೆಲಸದಿಂದ ಬಿಡಿಸಿದ್ದರು. ಭಾವನ ಮನೆಗೂ ಇವರ ಮನೆಗೂ ಮಾತು ನಿಂತಿತು. ಬೇಸಿಗೆ ಬರುವ ಮುಂಚೆಯೇ ಗಂಡ ಹೆಂಡತಿ ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕಟ್ಟಡದ ಕೆಲಸಕ್ಕೆ ಹೋದರು.

ಅವಳು ಹೊಲಿದ ಒಂದು ತುಂಡು ಬಟ್ಟೆ, ನಡುವೆ ಹೊಲಿಗೆ ಇದ್ದದ್ದು, ನನ್ನ ಹತ್ತಿರ ಉಳಿದಿತ್ತು. ಮನೆಯಲ್ಲಿ ಎಣ್ಣೆ ಕಾಸಿ, ಎಂಟೆಂಟು ದಿನ ಬಿಟ್ಟು ಮೂರು ಲೇಪ ಹಾಕಿದೆ. ಚೀಲದಂತೆ ಕಟ್ಟಿ ನೀರು ತುಂಬಿ ಹಿತ್ತಲ ಬೇವಿನ ಮರಕ್ಕೆ ತೂಗುಹಾಕಿದೆ. ಬಿಸಿಲಲ್ಲಿ ದಿನಾ ಕೈಯಿಂದ ಹಿಚುಕಿ ಅಲುಗಾಡಿಸಿದೆ. ಎರಡು ತಿಂಗಳು ಒಂದು ಹನಿ ಬೀಳಲಿಲ್ಲ. ಬಿದ್ದಿದ್ದರೆ ನನಗೆ ಎಷ್ಟು ಸಮಾಧಾನವಾಗುತ್ತಿತ್ತು. ಗೋದಾಮು ಮುಚ್ಚುವ ಕೊನೆಯ ಶನಿವಾರ ಅದನ್ನು ಕೈಚೀಲದಲ್ಲಿ ಇಟ್ಟುಕೊಂಡು ಹೋದೆ. ಮೇಡಂ ಸಾಮಾನು ಕಟ್ಟುತ್ತಿದ್ದರು. "ನೀವಿದ್ದದ್ದಕ್ಕೆ ಲೆಕ್ಕಪತ್ರ ಆದ್ರೂ ಸರಿ ಇತ್ತು" ಅಂದರು. ಚೀಲ ಕುರ್ಚಿಯ ಕೆಳಗೇ ಉಳಿಯಿತು. ಅದನ್ನೇ ಎತ್ತಿಕೊಂಡು ವಾಪಸ್ಸು ಬಂದೆ. ಹಿತ್ತಲಲ್ಲಿ ಹೂತೆ. ಎರಡು ಮಳೆಗಾಲ ಕಳೆದು ನುಗ್ಗೆ ಗಿಡ ನೆಡಲು ಅಗೆದಾಗ ಒಂದೆರಡು ಸುಣ್ಣದ ಚೂರು ಬಿಟ್ಟರೆ ಏನೂ ಇರಲಿಲ್ಲ. ನಾವು ಬಯಸಿದ್ದಂತೆಯೇ ಅದು ಮಣ್ಣಾಗಿತ್ತು.

ಆಮೇಲೆ ಒಂದೇ ಸಲ ಅವಳನ್ನು ಕಂಡದ್ದು. ಸುರಪುರ ಬಸ್‌ಸ್ಟ್ಯಾಂಡಿನಲ್ಲಿ ಅವಳೇ ಗುರುತು ಹಿಡಿದು ಬಂದಳು. ತಮ್ಮನ ಮಗನಿಗೆ ಮೊದಲ ಕೂದಲು ತೆಗೆಸುವ ಜವಳಕ್ಕೆ ಬಂದಿದ್ದಳಂತೆ. ಬೇಡವೆಂದರೂ ಚಹಾ ತರಿಸಿದಳು. ಸಿಮೆಂಟಿನಿಂದ ಅವಳ ಬೆರಳ ತುದಿ ಒಡೆದಿದ್ದವು. ನನ್ನ ಮೊಣಕಾಲು, ಮಕ್ಕಳು, ಎಲ್ಲ ವಿಚಾರಿಸಿದಳು. ಆಮೇಲೆ ಗ್ಲಾಸು ಕೆಳಗಿಟ್ಟು ಕೇಳಿದಳು.

"ಅಣ್ಣಾರ, ಬ್ಯಾಸರ ಮಾಡ್ಕೋಬ್ಯಾಡ್ರಿ, ಒಂದು ಕೇಳ್ತೀನಿ. ಆ ಹೊಲಿಗಿ ಎಲ್ಲಿ ತಪ್ಪಿತ್ರಿ? ಮಡಚೋದ್ರಾಗೋ, ಮೇಣ ತಿಕ್ಕೋದ್ರಾಗೋ? ಅಲ್ಲಿ ಕೆಲಸದ ನಡುವ ಕೂತಾಗ ಅದನ್ನೇ ನೆನಸ್ತೀನಿ. ಗೊತ್ತೇ ಆಗವಲ್ದು."

ನಾನು ಬಸ್ಸು ಬರುವ ದಾರಿ ನೋಡಿದೆ.

"ಐದು ದಿನ ಅಂತ ಅವತ್ತ ನಾನೇ ತಪ್ಪ ತಿಳಕೊಂಡಿದ್ದೆ ಕಾಣ್ತದ. ನಿಮ್ಮ ಮ್ಯಾಲ ಹಾಕಿದಂಗಾತು. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

"ಹಳೇದು ಬಿಡವ್ವ ತಂಗಿ. ಈಗ್ಯಾಕ ಅದು" ಅಂದೆ. ನನ್ನ ಬಸ್ಸು ಬಂದಿತ್ತು. ಇನ್ನೊಂದು ಬಸ್ಸೂ ಇತ್ತು, ನಾನು ಅದಕ್ಕೆ ಕಾಯಬಹುದಿತ್ತು. ಕಾಯಲಿಲ್ಲ.

ಅದಾದ ಎರಡು ವರ್ಷಕ್ಕೆ ಮುತ್ಯಾ ಫೋನ್ ಮಾಡಿ, ಅವಳು ಜ್ವರ ಬಂದು ದುಡಿಯಲು ಹೋದ ಊರಲ್ಲೇ ತೀರಿಕೊಂಡಳು, ಅಲ್ಲೇ ಮಣ್ಣು ಮಾಡಿದರು ಅಂದ.

ಹೋದ ತಿಂಗಳು ಮುತ್ಯಾನ ಊರಿಗೆ ಹೋದೆ. ದಂಡೆಯಲ್ಲಿ ಕೂತು ಯೂರಿಯಾ ಚೀಲದ ಹರಿಗೋಲಿಗೆ ಬಿದಿರು ಹೆಣೆಯುತ್ತಿದ್ದ. ಎಲ್ಲ ಹೇಳಿದೆ. ಅವನ ಕೈ ನಡುವೆ ನಿಂತಿತು.

"ಆಕಿ ಖರೇ ಹೇಳಿದ್ಲು ಹಂಗಾರ."

"ಹೌದು ಮುತ್ಯಾ."

"ಇದನ್ನ ನನಗ್ಯಾಕ ಕೊಡಾಕ ಬಂದೀರಿ ಸಾಹೇಬ್ರ? ನಾ ತಗೊಂಡು ಏನ ಮಾಡ್ಲಿ? ಆಕಿ ಭಾವ ಅಲ್ಲೇ ಅದಾನ ನೋಡ್ರಿ. ಆ ಮನ್ಯಾಗ ಇನ್ನಾ ಆಕಿ ಹೆಸರ ತಗೊಳ್ಳಂಗಿಲ್ಲ. ಹೋಗ್ರಿ, ಅಲ್ಲಿ ಹೇಳ್ರಿ."

ಹೋದೆ. ಆಕೆಯ ಭಾವ ಬಾಗಿಲಲ್ಲಿ ನಿಂತೇ ಕೇಳಿದ. ಬೈದರೆ ಬೈಯಲಿ ಎಂದು ತಯಾರಾಗಿ ಹೋಗಿದ್ದೆ. ಅವನು ಕೈಯಲ್ಲಿದ್ದ ಬಲೆಯನ್ನು ಮಡಚುತ್ತ, ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತ ನಿಂತ. ಒಳಗಿನಿಂದ ಅವನ ಹೆಂಡತಿ ಅಳುವುದು ಕೇಳಿಸಿತು.

ಮೇಡಂ ಅವರ ವಿಳಾಸ ಹುಡುಕಿ ಪತ್ರ ಬರೆದೆ. ಉತ್ತರ ಬಂತು. ವರದಿಯನ್ನು ತಿದ್ದಿ, ಅದು ಹೋದಲ್ಲೆಲ್ಲ ಮತ್ತೆ ಕಳಿಸುತ್ತೇನೆ ಎಂದಿದ್ದಾರೆ. 'ಅವತ್ತು ನನ್ನ ಎದುರು ಒಬ್ಬ ಹೆಣ್ಣುಮಗಳೂ ಒಂದು ಪುಸ್ತಕವೂ ಇದ್ದವು, ನಾನು ಪುಸ್ತಕವನ್ನು ನಂಬಿದೆ' ಎಂದೂ ಬರೆದಿದ್ದಾರೆ. ತಿದ್ದಿದ ವರದಿಯಲ್ಲಿ ಹೊಲಿದವರ ಹೆಸರು ಹಾಕಬೇಕು, ತಿಳಿಸಿ ಎಂದು ಕೇಳಿದ್ದಾರೆ. ಅಷ್ಟು ದಿನ ಜೊತೆಗೆ ಕೆಲಸ ಮಾಡಿದರೂ ಆ ಪುಸ್ತಕದ ಎಲ್ಲ ಪುಟಗಳಲ್ಲಿ ನಾನು ಅವಳನ್ನು 'ಹೊಲಿಗೆಯವಳು' ಎಂದಷ್ಟೇ ಬರೆದಿದ್ದೆ.

ಹೊಲಿಗೆಯಲ್ಲಿ ತಪ್ಪಿರಲಿಲ್ಲ. ಹೊಲಿದವಳು ಭೀಮಮ್ಮ.